ಮೇಲಿನ ಮನೆಯ ತೀರ್ಥ

ಅವರೆಕಾಳು ಹಿತುಕುತ್ತಾ ಕುಳಿತಿದ್ದೆ. ಬೆಳಿಗ್ಗೆ ನೆನೆಹಾಕಿದ ಕಾಳು ಚೆನ್ನಾಗಿ ಉಬ್ಬಿತ್ತು. ಹೆಬ್ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಚಿಮ್ಮುತ್ತಿತ್ತು. ಸಂಜೆ ದೀಪ ಹಚ್ಚಲು ಹೋದ ಮಗಳು ದೇವರ ಮನೆಯಿಂದ ಕೂಗಿಕೊಂಡಳು.

"ಅಮ್ಮಾ, ಬೇಗ ಬಾ! ದೇವ್ರ ಮೇಲೆ ನೀರು ಸುರೀತಾ ಇದೆ."

ಎದ್ದು ಹೋಗಿ ನೋಡಿದೆ. ಸೂರಿನ ಮೂಲೆಯಲ್ಲಿ ಗಾರೆ ಉಬ್ಬಿ, ಒಡೆದು, ಅದರ ಬಾಯಿಂದ ನೀರು ಇಳಿಯುತ್ತಿತ್ತು. ಶುದ್ಧ ನೀರಲ್ಲ. ಬಿಳಿಚಿಕೊಂಡ, ಸೋಪಿನ ವಾಸನೆಯ ಬಚ್ಚಲ ನೀರು. ಗಾರೆಯ ಚೂರು ದೀಪದ ಎಣ್ಣೆಯೊಳಗೆ ಬಿದ್ದಿತ್ತು. ಅಕ್ಷತೆ ಬಟ್ಟಲಿನ ಅಕ್ಕಿ ನೆನೆದು ಊದಿಕೊಂಡಿತ್ತು. ಹೂಬತ್ತಿಗಳೆಲ್ಲ ಮುದ್ದೆಯಾಗಿದ್ದವು. ಕುಂಕುಮ ಕರಗಿ ಗೋಡೆಯುದ್ದಕ್ಕೂ ಕೆಂಪಗೆ ಹರಿದಿತ್ತು. ಮದುವೆಯಾಗಿ ಬರುವಾಗ ಅಮ್ಮ ನನ್ನ ಮಡಿಲಿಗಿಟ್ಟ ಲಕ್ಷ್ಮಿಯ ಪಟದೊಳಕ್ಕೂ ನೀರು ನುಗ್ಗಿ, ದೇವಿಯ ಮುಖ ಇದ್ದ ಕಡೆ ಬರೀ ಹಳದಿ ಕಲೆ ಉಳಿದಿತ್ತು.

ದೇವರು ದೊಡ್ಡವನು. ಸಾಲಿಗ್ರಾಮದ ಪೆಟ್ಟಿಗೆಗೆ ಒಂದು ಹನಿಯೂ ತಾಕಿರಲಿಲ್ಲ. ಸ್ವಿಚ್ ಬೋರ್ಡು ಆಚೆ ಗೋಡೆಯಲ್ಲಿತ್ತು. ಮಗಳು ಒದ್ದೆ ನೆಲದಲ್ಲಿ ಜಾರದೆ ಹೊರಗೆ ಬಂದಳು. ಇಷ್ಟನ್ನು ಎಣಿಸಿಕೊಂಡು ಕೈ ಮುಗಿದೆ. ಕೈ ಮುಗಿದಾದ ಮೇಲೆ ತಲೆಯೆತ್ತಿ ಸೂರು ನೋಡಿದೆ. ಆಗ ಹತ್ತಿಕೊಂಡ ಉರಿ ಬೇರೆ.

ಯಾಕೆಂದರೆ ಆ ಜಾಗದಲ್ಲಿ ಬಚ್ಚಲು ಇರಬೇಕಾದದ್ದೇ ಅಲ್ಲ. ಅಲ್ಲಾಳಸಂದ್ರದ ಈ ಕಟ್ಟಡದಲ್ಲಿ ಎಲ್ಲ ಮನೆಗಳದ್ದೂ ಒಂದೇ ಅಳತೆ. ನಮ್ಮ ದೇವರ ಮನೆಯ ಮೇಲೆ ಮೇಲಿನವರ ದೇವರ ಮನೆ. ಹೋದ ವರ್ಷ ಯಾರೋ ವಾಸ್ತು ಹೇಳುವವರು ಬಂದು, ನಿಮ್ಮ ದೇವರು ತಪ್ಪು ಮೂಲೆಯಲ್ಲಿದ್ದಾನೆ ಅಂದರಂತೆ. ಇವರು ದೇವರನ್ನು ಹಾಲಿಗೆ ಸಾಗಿಸಿ, ಖಾಲಿಯಾದ ಮೂಲೆಯಲ್ಲಿ ಇನ್ನೊಂದು ಬಾತ್‌ರೂಮ್ ಕಟ್ಟಿಸಿಕೊಂಡರು. ತಮ್ಮ ದೇವರ ದಿಕ್ಕು ಸರಿಯಾಯಿತು. ಕೆಳಗೂ ಒಬ್ಬ ದೇವರಿದ್ದಾನೆ ಎಂದು ವಾಸ್ತುವಿನವರಿಗೂ ಹೊಳೆಯಲಿಲ್ಲ, ಇವರಿಗೂ ಹೊಳೆಯಲಿಲ್ಲ.

ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದೆ. ಮೇಲಿನ ಮನೆಯಾಕೆ ಈ ಊರಿನ ಹಳೆಯ ಕುಟುಂಬದ ಸೊಸೆ. ಕಟ್ಟಡ ಎದ್ದಿರುವ ಜಾಗ ಅವರ ಮಾವನ ದ್ರಾಕ್ಷಿ ತೋಟವಾಗಿತ್ತು ಎಂದು ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ನೆನಪಿಸುತ್ತಾರೆ.

"ಬರ್ರಕ್ಕಾ, ಒಳಿಕ್ಕೆ ಬನ್ನಿ. ಕಾಪಿ ಕುಡೀತೀರಾ?"

"ಕಾಫಿ ಬೇಡಕ್ಕ. ನಿಮ್ಮ ಹೊಸ ಬಾತ್‌ರೂಮಿಂದ ನಮ್ಮ ದೇವ್ರ ಮೇಲೆ ನೀರು ಬೀಳ್ತಿದೆ."

"ಎಷ್ಟು ಬೀಳ್ತೈತೆ?"

"ಎಷ್ಟಾದ್ರೂ ಬೀಳ್ಲಿ, ಅದು ಬಚ್ಚಲ ನೀರು."

ಆಕೆ ನಕ್ಕರು. "ಅದ್ಯಾಕಕ್ಕಾ ಇಂಗೆ ಒದ್ದಾಡ್ತೀರಾ? ನಾಕು ತೊಟ್ಟು ನೀರಿಗೆ! ತೀರ್ಥ ಅಂದ್ಕೊಂಡು ತಲೆಗೆ ಅಚ್ಕೊಳ್ಳಿ, ಅತ್ಲಾಗೆ. ಒಸಾ ಟೈಲ್ಸು, ಈಗ ಒಡೆಯಕ್ಕಾಯ್ತದಾ? ಬ್ಯಾಸ್ಗೆ ಬರ್ಲಿ, ನೋಡಾನ."

ತೀರ್ಥ ಅಂದರು. ಅದೇ ಮಾತು. ನೀರಿಗಿಂತ ಹೆಚ್ಚಾಗಿ ಆ ಮಾತು ನನ್ನೊಳಗೆ ಇಳಿಯಿತು.

ಕೆಳಗೆ ಬಂದು ಕೆಲಸಕ್ಕೆ ಕೈ ಹಾಕಿದೆ. ದೇವರುಗಳನ್ನೆಲ್ಲ ಹೊಸ ಟವೆಲಿನಲ್ಲಿ ಒರೆಸಿ, ಅರಿಶಿನದ ನೀರಲ್ಲಿ ತೊಳೆದು, ಅಡುಗೆಮನೆಯ ಮೇಲಿನ ಹಲಗೆಯನ್ನು ಖಾಲಿ ಮಾಡಿ ಅಲ್ಲಿ ಕೂರಿಸಿದೆ. ಗೋಡೆ ಉಜ್ಜಿದೆ. ನೆಲಕ್ಕೆ ಮೂರು ಸಲ ನೀರು ಹಾಕಿ ಬಳಿದೆ. ಮುಖ ಅಳಿಸಿದ ಪಟವನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಮರುದಿನ ಕೆರೆ ಕಡೆಯ ಅರಳಿಮರದ ಬುಡದಲ್ಲಿ ಇಟ್ಟು ಬಂದೆ. ಅಲ್ಲಿ ಬಣ್ಣ ಮಾಸಿದ, ಗಾಜು ಒಡೆದ ದೇವರುಗಳು ಆಗಲೇ ಬೇಕಾದಷ್ಟು ಒರಗಿಕೊಂಡಿದ್ದವು. ಅಮ್ಮ ಕೊಟ್ಟದ್ದನ್ನು ಅವುಗಳ ಪಕ್ಕ ಒರಗಿಸಿ ಬರುವಾಗ ಕಣ್ಣಲ್ಲಿ ನೀರು ಬರಲಿಲ್ಲ. ಹಲ್ಲು ಕಚ್ಚಿದ್ದೆ ಅಷ್ಟೆ.

ದೇವರು ಅಡುಗೆಮನೆಗೆ ಬಂದ ಮೇಲೆ ಒಲೆಯ ಮೇಲೆ ಈರುಳ್ಳಿ, ಬೆಳ್ಳುಳ್ಳಿ ಇಡುವುದು ನಿಂತಿತು. ಹಿತಕಿದ ಬೇಳೆ ಸಾರನ್ನೂ ಹಾಗೇ ಮಾಡಿ ಬಡಿಸಿದೆ. ನಮ್ಮವರು ಎರಡು ತುತ್ತು ತಿಂದು ಹಲಗೆಯ ಕಡೆ ನೋಡಿದರು.

"ಇವ್ರು ವಾಪಸ್ ಹೋಗೋದು ಯಾವಾಗ ಕಣೇ?"

"ಮೇಲಿನವ್ರನ್ನ ಕೇಳಿ."

"ಹೋಗ್ಲಿ ಬಿಡೇ, ಬೇಸ್ಗೇಲಿ ಮಾಡಿಸ್ತಾರಂತಲ್ಲ."

ನಾನು ಬಿಡಲಿಲ್ಲ. ಮತ್ತೆರಡು ಸಲ ಹತ್ತಿ ಹೋಗಿ ಕೇಳಿದೆ. ಎರಡು ಸಲವೂ ಕಾಫಿ ಬೇಕಾ ಅಂದರು. ಬೆಳಿಗ್ಗೆ ಸ್ತೋತ್ರ ಹೇಳುತ್ತಿರುವಾಗ ಮೇಲೆ ಬಕೆಟ್ಟು ಎಳೆದ ಸದ್ದು ಕೇಳುತ್ತಿತ್ತು, ಆಮೇಲೆ ಖಾಲಿ ದೇವರ ಮನೆಯಲ್ಲಿ ನೀರು ತೊಟ್ಟಿಕ್ಕುವ ಸದ್ದು. ನಾಲಿಗೆ ದೇವರ ನಾಮ ಹೇಳುತ್ತಿತ್ತು. ಮನಸ್ಸು ಟೆರೇಸಿಗೆ ಹೋಗಿ ಅವರ ಪೈಪಿನ ವಾಲ್ವ್ ತಿರುಗಿಸಿ, ತಲೆ ತುಂಬ ಶಾಂಪೂ ಹಚ್ಚಿಕೊಂಡ ಆಕೆ ನಲ್ಲಿಯ ಕೆಳಗೆ ನಿಂತು ಕೂಗಾಡುವುದನ್ನು ಕಣ್ಣು ತುಂಬ ನೋಡಿ ಬರುತ್ತಿತ್ತು. ನೀರಿಗೆ ಅಡ್ಡ ಹಾಕುವುದು ಪಾಪ ಎಂದು ಅದನ್ನು ಬಿಟ್ಟೆ.

ಹುಣ್ಣಿಮೆಗೆ ನಮ್ಮಲ್ಲಿ ಸತ್ಯನಾರಾಯಣ ಪೂಜೆ. ಪ್ರತಿ ವರ್ಷದ ಹಾಗೆ ಅದು ದೇವರ ಮನೆಯ ಮುಂದೆ ಆಗಬೇಕಿತ್ತು. ಈ ಸಲ ಹಾಲಿನ ಮೂಲೆಯಲ್ಲಿ ಮಂಟಪ ಕಟ್ಟಬೇಕಾಯಿತು. ಬಾಳೆಕಂದು ಕಟ್ಟುವಾಗಲೇ ಆ ಯೋಚನೆ ಬಂತು. ತೀರ್ಥ ತಾನೇ? ಆಗಲಿ. ಸೋರುವ ಜಾಗದ ಕೆಳಗೆ ಒಂದು ತಾಮ್ರದ ಗಿಂಡಿ ಇಟ್ಟೆ.

ಇಲ್ಲಿ ಒಂದು ತೊಡಕಿತ್ತು. ಗಿಂಡಿಯನ್ನು ಮಂಟಪದ ಮುಂದೆ ಇಟ್ಟರೆ, ಮಂತ್ರ ಬಿದ್ದ ಮೇಲೆ, ಎಂಥ ನೀರೂ ನಿಜಕ್ಕೂ ತೀರ್ಥವಾಗಿಬಿಡುತ್ತದೆ. ಆಕೆಗೆ ಪುಣ್ಯವೂ ಬಂದುಬಿಡುತ್ತದೆ. ಅಷ್ಟು ಉಪಕಾರ ಮಾಡುವ ಮನಸ್ಸು ನನಗಿರಲಿಲ್ಲ. ಅದಕ್ಕೆ ತುಂಬಿದ ಗಿಂಡಿಯನ್ನು ದೇವರ ಕಣ್ಣಿಗೆ ಬೀಳದ ಹಾಗೆ ಫ್ರಿಜ್ಜಿನ ಮರೆಯಲ್ಲಿ, ಮುಚ್ಚಳ ಹಾಕಿ ಇಟ್ಟೆ. ಮಂತ್ರ ಅಷ್ಟು ದೂರ ಹೋಗಬಾರದೆಂದು ಅಡುಗೆಮನೆಯ ಬಾಗಿಲನ್ನೂ ಎಳೆದುಕೊಂಡೆ.

ಪೂಜೆಗೆ ಕಟ್ಟಡದ ಹೆಂಗಸರೆಲ್ಲ ಬಂದರು. ಮೇಲಿನಾಕೆ ಮೈಸೂರು ಸಿಲ್ಕ್ ಉಟ್ಟು ಎಲ್ಲರಿಗಿಂತ ಮುಂದೆ ಕುಳಿತರು. ಕಥೆ ಮುಗಿದು ಮಂಗಳಾರತಿಯಾಯಿತು. ಹುಣ್ಣಿಮೆಯ ದಿನವಾದ್ದರಿಂದ ಪುರೋಹಿತರಿಗೆ ಇನ್ನೊಂದು ಮನೆಯ ಪೂಜೆಯಿತ್ತು. ತೀರ್ಥ ಕೊಡುವುದನ್ನು ನನಗೊಪ್ಪಿಸಿ ಹೊರಟರು. ಎಲ್ಲರಿಗೂ ಪಂಚಾಮೃತ ಕೊಟ್ಟೆ. ಆಕೆಯ ಮುಂದೆ ಬಂದಾಗ "ಒಂದ್ನಿಮಿಷ ಅಕ್ಕ" ಎಂದು ಒಳಗೆ ಹೋಗಿ, ಬೇರೆ ಚಮಚದ ಜೊತೆ ಆ ಗಿಂಡಿ ತಂದೆ.

ಆಕೆ ಸೆರಗಿನ ತುದಿ ಕೆಳಗಿಟ್ಟು, ಬಲಗೈ ಬಟ್ಟಲು ಮಾಡಿ, ಕಣ್ಣು ಮುಚ್ಚಿ ಚಾಚಿದರು. ಒಂದು ಚಮಚ ಹಾಕಿದೆ. ಕೈ ಮೇಲೇರಿತು. ಸುಮ್ಮನಿದ್ದಿದ್ದರೆ ಕುಡಿದೇಬಿಡುತ್ತಿದ್ದರು. ಆದರೆ ಹಾಗೆ ಕುಡಿದರೆ ಗೊತ್ತಾಗುವುದು ನನಗೊಬ್ಬಳಿಗೇ. ಅದರಲ್ಲಿ ಏನು ಸುಖ?

"ತಡೀರಿ ಅಕ್ಕ," ಅಂದೆ. "ಕಣ್ಣಿಗೊತ್ಕೊಂಡು ತಗೊಳ್ಳಿ. ನಿಮ್ಮನೆಯಿಂದಾನೇ ಇಳಿದು ಬಂದಿದ್ದು."

ಕೈ ತುಟಿಯ ಹತ್ತಿರ ನಿಂತಿತು. "ನಮ್ಮನೆಯಿಂದ್ಲಾ?"

"ಹೌದಕ್ಕ. ನಿಮ್ಮ ಹೊಸ ಬಾತ್‌ರೂಮಿನ ತೀರ್ಥ. ನೀವೇ ಹೇಳಿದ್ರಲ್ಲ, ತೀರ್ಥ ಅಂದ್ಕೊಳ್ಳಿ ಅಂತ. ಅಂದ್ಕೊಂಡೆ."

ದೇವರ ಮನೆಯ ಬಾಗಿಲು ಪೂರ್ತಿ ತೆರೆದೆ. ಕಪ್ಪಾದ ಸೂರು, ಬಾಯಿ ಬಿಟ್ಟ ಗಾರೆ, ಕೆಳಗಿಟ್ಟ ಬೇಸಿನ್ನು, ಎಲ್ಲವನ್ನೂ ಎಲ್ಲರೂ ಕತ್ತು ಚಾಚಿ ನೋಡಿದರು. ಅದೇ ಹೊತ್ತಿಗೆ ಒಂದು ಹನಿ ಟಪ್ ಎಂದು ಬಿತ್ತು. ನಾನು ಹೇಳಿ ಬೀಳಿಸಿದ್ದಲ್ಲ. ಮೇಲಿನವನ ದಯೆ.

ಆಕೆಯ ಪಾಡು ನೋಡಬೇಕಿತ್ತು. ಕುಡಿಯುವ ಹಾಗಿಲ್ಲ. ಚೆಲ್ಲುವ ಹಾಗೂ ಇಲ್ಲ. ಪೂಜೆಯ ಮನೆಯಲ್ಲಿ, ಮಂಟಪದ ಮುಂದೆ, ಅಂಗೈಗೆ ಬಿದ್ದದ್ದನ್ನು ಯಾವ ಹೆಂಗಸು ತಾನೇ ನೆಲಕ್ಕೆ ಚೆಲ್ಲುತ್ತಾಳೆ? ಬೆರಳು ಸಂದಿಯಿಂದ ಅದು ಸಿಲ್ಕ್ ಸೀರೆಯ ಮೇಲೆ ಇಳಿಯತೊಡಗಿತು. ಪಕ್ಕದ ಮನೆಯ ಅಜ್ಜಿ, ಕಿವಿ ಕೇಳಿಸದ ಹಾಗೆ ಇರುವವರು, ಆ ದಿನ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ತಲೆಗೊರೆಸ್ಕೊಳಮ್ಮಾ," ಅಂದರು. "ತೀರ್ಥ ವೇಸ್ಟ್ ಮಾಡಬಾರ್ದು."

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಆಕೆ ಕೈಯನ್ನು ಹಾಗೇ ಬಟ್ಟಲು ಮಾಡಿಕೊಂಡು ಎದ್ದು, ನಮ್ಮ ಸಿಂಕಿನವರೆಗೂ ನಡೆದುಹೋಗಿ ಕೈ ತೊಳೆದರು. ಪ್ರಸಾದ ತೆಗೆದುಕೊಳ್ಳಲಿಲ್ಲ. ಬಾಗಿಲ ಹೊರಗೆ ಗಂಡನಿಗೆ ಫೋನು ಮಾಡಿದ್ದು ಎಲ್ಲರಿಗೂ ಕೇಳಿಸಿತು.

"ಏನ್ರೀ, ನಾಳೆ ಒತ್ತಾರೇನೇ ಮೇಸ್ತ್ರೀನ ಕರ್ಸಿ. ಟೈಲ್ಸ್ ಆಳಾಗೋಗ್ಲಿ! ಮಾನ ಓಯ್ತು ಇಲ್ಲಿ."

ಮಾರನೆಯ ಬೆಳಿಗ್ಗೆ ಮೇಲೆ ಸುತ್ತಿಗೆ ಏಟು ಶುರುವಾಯಿತು. ಕಾಫಿ ಬೆರೆಸಿಕೊಂಡು ಖಾಲಿ ದೇವರ ಮನೆಯಲ್ಲಿ ಸ್ಟೂಲು ಹಾಕಿ ಕುಳಿತೆ. ಒಂದು ಟೈಲು ಒಡೆದ ಸದ್ದು, ಒಂದು ಗುಟುಕು ಕಾಫಿ. ಮದುವೆ ಮನೆಯ ವಾಲಗವೂ ಕಿವಿಗೆ ಅಷ್ಟು ಇಂಪಾಗಿ ಕೇಳಿಸಿರಲಿಲ್ಲ.

ಮೇಲೆ ಕೊಳಾಯಿ ಸರಿಯಾಯಿತು. ನಮ್ಮ ಸೂರಿನ ಗಾರೆಯನ್ನೂ ಅದೇ ಮೇಸ್ತ್ರಿ ಬಂದು ಮೆತ್ತಿ ಹೋದ. ಆಕೆ ಕಳಿಸಿದ್ದು, ತಾವು ಬರಲಿಲ್ಲ. ಗೋಡೆ ಒಣಗಲು ಬಿಟ್ಟು, ಅಂಗೈಯಿಟ್ಟು ನೋಡಿ, ತೇವ ಇಲ್ಲ ಎಂದು ಖಾತ್ರಿಯಾದ ಮೇಲೆ ಒಳ್ಳೆಯ ಗುರುವಾರ ನೋಡಿ ದೇವರನ್ನು ಒಳಗೆ ಕೂರಿಸಿದೆ. ದೀಪ ಹಚ್ಚಿದೆ. ಸಾಲಿಗ್ರಾಮ ನೆನೆಯಲಿಲ್ಲ, ಮಗಳು ಜಾರಲಿಲ್ಲ, ಮೇಲಿನಾಕೆ ಈಗ ಲಿಫ್ಟಿನಲ್ಲಿ ನನ್ನ ಮುಖ ನೋಡುವುದಿಲ್ಲ. ದ್ರಾಕ್ಷಿ ತೋಟದ ಕಥೆಯೂ ಇಲ್ಲ. ಇದನ್ನೂ ದೇವರ ದಯೆಯ ಲೆಕ್ಕಕ್ಕೇ ಸೇರಿಸಿದೆ.

ನಮ್ಮವರು ಹಿಂದೆ ಬಂದು ನಿಂತು ಕೈ ಮುಗಿದರು. "ಏನೇ ಆದ್ರೂ ಸ್ವಲ್ಪ ಜಾಸ್ತಿ ಆಯ್ತು ಕಣೇ. ಒಂದ್ಸಲ ಹೋಗಿ ಮಾತಾಡ್ಸಿ ಬಾ."

"ನಿಮ್ಮ ತಲೆ ಮೇಲೆ ಬಿದ್ದಿದ್ರೆ ಹೋಗ್ಲಿ ಅಂತಿದ್ದೆ," ಅಂದೆ. "ದೇವ್ರ ತಲೆ ಮೇಲೆ ಬಿದ್ದಿದ್ದು ಕಣ್ರೀ."

ಮೇಸ್ತ್ರಿ ಕೆಡವಿದ್ದ ಸಿಮೆಂಟು ಧೂಳು ಹಾಲಿನ ಫ್ಯಾನಿನ ರೆಕ್ಕೆಗಳ ಮೇಲೆ ಇನ್ನೂ ಕುಳಿತಿತ್ತು. ಸ್ಟೂಲು ಎಳೆದುಕೊಂಡು, ಹಳೆಯ ಪಂಚೆಯ ತುಂಡು ಒದ್ದೆ ಮಾಡಿ, ಒರೆಸಲು ಹತ್ತಿದೆ.