ಅಮೆರಿಕದ ಶೀಶೆ, ಅವ್ವನ ಪುಂಡಿಪಲ್ಯ

ಕಳೆದ ವಾರ ಮಸ್ಕಿ ದಾಟಿ ಇರುವ ತಮ್ಮನ ಮಗನ ಹೊಲದಲ್ಲಿ ಸೀತನಿ ಸುಟ್ಟಿದ್ದರು. ಹಾಲುಗಾಳಿನ ಜೋಳದ ತೆನೆಗಳನ್ನು ಕುಳ್ಳಿನ ಕೆಂಡದಲ್ಲಿ ಹೂಳಿ, ಬಿಸಿ ಆರುವ ಮೊದಲೇ ಎರಡು ಅಂಗೈ ನಡುವೆ ಉಜ್ಜಿ, ಹೊಟ್ಟು ಊದಿ ತಿನ್ನುವುದು ನಮ್ಮ ಕಡೆ ಚಳಿಗಾಲದ ದೊಡ್ಡ ಸುಖ. ಹಲ್ಲು ಹೋದ ನನಗೆ ಈಗ ತಿನ್ನುವುದು ಕಡಿಮೆ, ಉಜ್ಜಿ ಕೊಡುವುದೇ ಹೆಚ್ಚು. ನಾಲ್ಕು ತೆನೆ ಉಜ್ಜಿ ಕಾಳನ್ನೆಲ್ಲ ಮೊಮ್ಮಗಳ ಬೊಗಸೆಗೆ ಸುರಿದು, ಹಳೆಯ ರೂಢಿಯಂತೆ ಬರಿಗೈಯನ್ನು ಮೂಗಿಗೆ ಹಿಡಿದೆ. ಹೊಗೆ, ಸುಟ್ಟ ಕಾಳು, ಅವೆರಡರ ಹಿಂದೆ ಎಲ್ಲೋ ಸಣ್ಣಗೆ ಒಂದು ಸಿಹಿ...

"ಏನು ಮೂಸಾಕತ್ತೀ ಅಜ್ಜಾ?" ಎಂದಳು ಹುಡುಗಿ. ಮೂಗಿನ ಮುಂದೆ ಇದ್ದದ್ದು ನನ್ನ ಕೈ, ಕಣ್ಣಿಗೆ ಕಂಡದ್ದು ಕಾಕಾನ ಕೈ.

ಅವರು ನನಗೆ ರಕ್ತಸಂಬಂಧಿಯಲ್ಲ. ಲಿಂಗಸುಗೂರಿನ ಸಾರಾಯಿ ಡಿಪೋದಲ್ಲಿ ಸಾರಾಯಿ ರುಚಿ ನೋಡಿ, ಅದು ಎಂಥದ್ದು, ಎಷ್ಟು ಜೋರಿನದು ಎಂದು ಹೇಳುವ ಕೆಲಸ ಅವರದು. ಇಡೀ ಡಿಪೋ ಅವರನ್ನು ಕಾಕಾ ಎನ್ನುತ್ತಿತ್ತು, ನಾನೂ ಅಂದೆ. ಊರು ಪಾಮನಕಲ್ಲೂರು. ಪೊಲೀಸ್ ಆ್ಯಕ್ಷನ್ ಆಗಿ ಎರಡು ಮೂರು ವರ್ಷ ಕಳೆದಿದ್ದ ಕಾಲ ಅದು. ಇಪ್ಪೆಹೂವಿನ ಸಾರಾಯಿ ಪೀಪಾಯಿಗಳಲ್ಲಿ ತುಂಬಿ ಬಂಡಿಯ ಮೇಲೆ ಬರುತ್ತಿತ್ತು. ದಾರಿಯಲ್ಲಿ ಬಂಡಿಯವರು ಒಂದೆರಡು ಕೊಡ ಇಳಿಸಿಕೊಂಡು ಹಳ್ಳದ ನೀರು ಬೆರೆಸುವುದು ಮಾಮೂಲು. ಅದನ್ನು ಹಿಡಿಯಲು ಡಿಪೋ ನಡೆಸುತ್ತಿದ್ದ ಗುತ್ತೇದಾರರು ಇಟ್ಟುಕೊಂಡಿದ್ದು ಕಾಕಾನ ನಾಲಗೆಯನ್ನು. ನಾನು ಉರ್ದು, ಕನ್ನಡ ಎರಡೂ ಬಲ್ಲೆನೆಂದು ಗುಮಾಸ್ತನಾಗಿ ಸೇರಿದವನು. ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು. ಆರು ತಿಂಗಳಲ್ಲಿ ಲೆಕ್ಕಣಿಕೆ ಬಿಟ್ಟು ಕಾಕಾನ ಪಕ್ಕ ಕೂಡತೊಡಗಿದೆ. ನನಗೆ ಬೇಕಾದದ್ದು ಅವರ ಕೆಲಸವೇ.

ಕಾಕಾ ಕಲಿಸಿದರು. ಹಂಗಿಲ್ಲದೆ, ಮುಚ್ಚಿಡದೆ ಕಲಿಸಿದರು. ಶೀಶೆ ಅಲುಗಿಸಿದಾಗ ಮುತ್ತಿನಂಥ ದೊಡ್ಡ ಗುಳ್ಳೆಗಳೆದ್ದು ಥಟ್ಟನೆ ಒಡೆದರೆ ಜೋರಿನ ಸಾರಾಯಿ, ಸಣ್ಣ ಮುತ್ತು ಕಟ್ಟಿಕೊಂಡು ಕುಳಿತರೆ ನೀರು ಬಿದ್ದಿದೆ. ಬಟ್ಟೆ ಅದ್ದಿ ಕಡ್ಡಿ ಗೀರಿದರೆ ಉರಿ ನೀಲಿಯೋ ಕೆಂಪೋ, ಉರಿದ ಮೇಲೆ ಬಟ್ಟೆ ಹಸಿಯೋ ಒಣಗಿದೆಯೋ... ಆಮೇಲೆ ನಾಲಗೆ. ನಾನು ಮೊದಲ ಸಲ ಬಾಯಿಗೆ ಬಿಟ್ಟುಕೊಂಡಾಗ ಗಂಟಲಿನ ಹತ್ತಿರ ಬೆರಳು ತೋರಿಸಿ ಗದರಿದ್ದರು.

"ನುಂಗಬ್ಯಾಡಲೇ. ನುಂಗೂದಕ್ಕ ಊರ ತುಂಬ ಮಂದಿ ಅದಾರ. ನಮ್ಮ ಕೆಲಸ ಉಗುಳೂದು."

ಎಲ್ಲಕ್ಕಿಂತ ಕೊನೆಗೆ ಅಂಗೈ. ನಾಲ್ಕು ಹನಿ ಸುರಿದುಕೊಂಡು ಉಜ್ಜಿ, ಕೈ ಒಣಗುವ ತನಕ ಸುಮ್ಮನೆ ಕೂಡುವರು. "ಮೊದಲು ಬರೂದು ಬರೇ ಸಾರಾಯಿ. ತಡಿ. ಅದು ಹಾರಿ ಹೋದ ಮ್ಯಾಲೆ ಅದರ ಊರು ಬರತೈತಿ" ಎನ್ನುವರು. ನನಗೆ ತಡೆಯುವ ತಾಳ್ಮೆ ಇರಲಿಲ್ಲ. ಹಿಂದಿನ ವರ್ಷದ ಇಪ್ಪೆಹೂವೋ ಈ ವರ್ಷದ್ದೋ ಎಂಬುದನ್ನು ಅವರು ಆ ಒಣಗಿದ ಅಂಗೈಯಿಂದ ಹೇಳುತ್ತಿದ್ದರು. ಬಂಡಿಯವರು ಅವರ ಮುಂದೆ ಕಣ್ಣು ತಗ್ಗಿಸುತ್ತಿದ್ದರು.

ಹೊಟ್ಟೆಕಿಚ್ಚು ಎಂಬುದು ನನ್ನೊಳಗೆ ಹುಟ್ಟಿದ್ದು ಆ ಡಿಪೋದಲ್ಲೇ. ಗುತ್ತೇದಾರರು ಬಂದರೆ ಗಾದಿಯ ಅಂಚಿನಲ್ಲಿ ಕಾಕಾನಿಗೆ ಜಾಗ, ನಾನು ಎದ್ದು ನಿಲ್ಲಬೇಕು. ಚಹಾ ಮೊದಲು ಅವರಿಗೆ. ಅಕ್ಷರ ಬಾರದ ಮನುಷ್ಯ "ಇದು ನಡಿಯಂಗಿಲ್ಲ" ಎಂದರೆ ಇಡೀ ಬಂಡಿ ವಾಪಸು, ನಾನು ಎರಡು ಭಾಷೆಯಲ್ಲಿ ಬರೆದ ಕಾಗದಕ್ಕೆ ಆ ಬೆಲೆ ಇಲ್ಲ. ಬಂದವರು ಬಾಗಿಲಲ್ಲೇ "ಕಾಕಾ ಅದಾರೇನ್ರೀ?" ಎಂದು ಕೇಳುವರು, ನಾನು ಎದುರಿಗೇ ಕೂತಿದ್ದರೂ. ಮನೆಗೆ ಹೋದರೆ ಅವ್ವನದೂ ಅದೇ ರಾಗ. ಲಿಂಗ ಕಟ್ಟಿದ ಮನೆತನದ ಮಗ ಸಾರಾಯಿ ಡಿಪೋ ಸೇರಿದನೆಂದು ಅತ್ತವಳು, ಕಾಕಾನನ್ನು ಒಮ್ಮೆ ನೋಡಿದ ಮೇಲೆ ಸಮಾಧಾನಗೊಂಡಿದ್ದಳು. "ದಿನಾ ಬಾಯಾಗ ಹಾಕ್ಕೊಂಡೂ ಕುಡೀಲಾರದ ಮನುಷ್ಯಾ ಅವರು. ನೀ ಅವರ ಹಿಂದ ಇದ್ರ ನನಗ ಚಿಂತಿಲ್ಲ" ಎನ್ನುವಳು. ಅವರ ಹಿಂದೆ... ಆ ಮಾತು ನನ್ನನ್ನು ಎಷ್ಟು ಚುಚ್ಚುತ್ತಿತ್ತು ಎಂದು ಅವ್ವನಿಗೆ ಹೇಗೆ ಗೊತ್ತಾಗಬೇಕು.

ಆಗ ಸಿಂಧನೂರಿನ ಕಡೆ ಕಾಲುವೆ ಅಗೆಯುವ ಕೆಲಸ ನಡೆದಿತ್ತು. ಜವಳಗೇರಾದ ಆಚೆಗೂ ಕೂಲಿಜನರ ಗುಡಾರಗಳು ಬಿದ್ದಿದ್ದವು. ಗುತ್ತೇದಾರರು ಸಿಂಧನೂರಿನಲ್ಲಿ ಹೊಸ ಡಿಪೋ ತೆರೆಯುವವರಿದ್ದರು. ಅಲ್ಲಿಗೆ ರುಚಿ ನೋಡುವವನೊಬ್ಬ ಬೇಕು. ಇರಲು ಮನೆ, ಕೈಕೆಳಗೆ ಇಬ್ಬರು ಆಳು. ಹೋಗುವವನು ಕಾಕಾ ಅಥವಾ ನಾನು. ಬಂಡಿಗಳೆಲ್ಲ ಇನ್ನು ಮೊದಲು ಅಲ್ಲಿಗೇ ಬರುವವು, ಹಾಗಾಗಿ ಕಾಕಾ ಹೋದರೆ ನಾನು ಮತ್ತೆ ಲೆಕ್ಕಣಿಕೆಗೆ. ಆ ಬೇಸಿಗೆಯಲ್ಲಿ ನನಗೆ ನಿದ್ದೆಯಲ್ಲೂ ಸಿಂಧನೂರೇ.

ಒಂದು ದಿನ ಗುತ್ತೇದಾರರು ಹೇಳಿಕಳಿಸಿದರು. ಕಾಲುವೆಯ ಯಂತ್ರಗಳ ಜೊತೆ ಬಂದಿದ್ದ ಅಮೆರಿಕದ ಮೆಕ್ಯಾನಿಕ್ ಒಬ್ಬ ತನ್ನ ದೇಶದ ಒಂದು ಶೀಶೆ ಕೊಟ್ಟಿದ್ದಾನೆ, ನಾಡಿದ್ದು ಮುಂಜಾನೆ ಅವನೂ ಬರುತ್ತಾನೆ, ಅವನ ಮುಂದೆ ನೀವಿಬ್ಬರೂ ರುಚಿ ನೋಡಿ ಹೇಳಬೇಕು, ಸರಿಯಾಗಿ ಹೇಳಿದವರಿಗೆ ಸಿಂಧನೂರು.

ಪರೀಕ್ಷೆಯ ಹಿಂದಿನ ದಿನ ಕಾಕಾನದು ಒಂದು ನೇಮವಿತ್ತು. ಖಾರವಿಲ್ಲ, ಉಳ್ಳಾಗಡ್ಡಿಯಿಲ್ಲ, ಎಲೆ ಅಡಿಕೆಯಿಲ್ಲ. ಸಪ್ಪನೆ ಮಜ್ಜಿಗೆಯಲ್ಲಿ ರೊಟ್ಟಿ ಮುರಿದು ಹಾಕಿಕೊಂಡು ತಿನ್ನುವರು. ನನಗದು ಗೊತ್ತಿತ್ತು. ಗೊತ್ತಿದ್ದೇ ಅವ್ವನಿಗೆ ಹೇಳಿದೆ: "ನಾಳಿ ಕಾಕಾನ್ನ ಊಟಕ್ಕ ಕರೀತೀನಿ. ಪುಂಡಿಪಲ್ಯ ಅಂದ್ರ ಅವರಿಗೆ ಜೀವ. ಕೆಂಪ ಖಾರನೂ ಅರಿ, ಕೈ ಹಿಡೀಬ್ಯಾಡ." ಅವ್ವ ಪುಂಡಿಯ ಹುಳಿಸೊಪ್ಪು ತಂದು ಸಂಭ್ರಮದಿಂದ ಮಾಡಿದಳು. ತಾಯಿಯಂಥವಳು ಬಡಿಸಿದ ತಾಟಿನ ಮುಂದೆ ಕುಳಿತು ಒಲ್ಲೆ ಎನ್ನುವ ಗಂಡಸು ನಮ್ಮ ಕಡೆ ಇಲ್ಲ. ಅದನ್ನೂ ನಾನು ಲೆಕ್ಕಕ್ಕೆ ಹಿಡಿದಿದ್ದೆ.

ಕಾಕಾ ತಾಟು ನೋಡಿದರು. ಆಮೇಲೆ ನನ್ನನ್ನು ನೋಡಿದರು, ಒಂದೇ ಸಲ. ಮೂರು ರೊಟ್ಟಿ ಉಂಡರು. ಹುಳಿಗೆ ಕಣ್ಣು ಕಿರಿದಾಗಲಿಲ್ಲ, ಖಾರಕ್ಕೆ ನೀರು ಕೇಳಲಿಲ್ಲ. ಎದ್ದು ಕೈ ತೊಳೆಯುತ್ತ, "ಯವ್ವಾ, ಹುಳಿ ಖಾರ ಎರಡೂ ಕೂಡಿ ಬಂದಾವ ನೋಡು. ನಿನ್ನಂಗ ಯಾರೂ ಮಾಡಂಗಿಲ್ಲ" ಎಂದರು. ಅವ್ವ ಅದನ್ನು ವಾರಗಟ್ಟಲೆ ಹೇಳಿಕೊಂಡು ತಿರುಗಿದಳು.

ಮರುದಿನ ಡಿಪೋದ ಬೇವಿನಮರದ ಕೆಳಗೆ ಬೆಂಚು ಹಾಕಿದ್ದರು. ಕೆಂಪು ಮುಖದ ಎತ್ತರದ ಮನುಷ್ಯ ಆ ಮೆಕ್ಯಾನಿಕ್, ಪಕ್ಕದಲ್ಲಿ ಅವನ ಮಾತು ನಮಗೆ ತಿಳಿಸಲು ಬಂದಿದ್ದ ಕಾಲುವೆಯ ಓವರ್‌ಸಿಯರ್. ಶೀಶೆಯ ಮೇಲಿನ ಚೀಟಿ ಕಾಣದಂತೆ ಗುತ್ತೇದಾರರು ತಮ್ಮ ಕರವಸ್ತ್ರ ಸುತ್ತಿದ್ದರು. ಒಳಗಿನದು ಹಳೆಯ ಬೆಲ್ಲದ ಬಣ್ಣ.

ಮೊದಲು ನಾನು. ಶೀಶೆ ಅಲುಗಿಸಿದೆ, ಹುರಿಗಡಲೆಯಷ್ಟು ದೊಡ್ಡ ಮುತ್ತುಗಳೆದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಇಲ್ಲವಾದವು. ಬಟ್ಟೆಯ ಉರಿ ನೀಲಿಯಾಗಿ ಬಂತು. ಬಾಯಿಗೆ ಹಾಕಿಕೊಂಡೆ. ಅಷ್ಟು ಜೋರಿನದನ್ನು ನನ್ನ ನಾಲಗೆ ಕಂಡಿರಲಿಲ್ಲ. ಮೊದಲು ಬೆಂಕಿ, ಬೆಂಕಿಯ ಬೆನ್ನಿಗೆ ಕಡುಪಾಕದ ಸಿಹಿ. ಎಲ್ಲರ ಕಣ್ಣು ನನ್ನ ಮೇಲಿತ್ತು, ಉಗುಳಿದರೆ ಹೆದರಿದೆ ಅಂದಾರು ಎಂದು ನುಂಗಿಬಿಟ್ಟೆ. ಎದೆ ಹೊತ್ತಿಕೊಂಡಿತು, ಕಣ್ಣಲ್ಲಿ ನೀರು. "ನೀರು ಮುಟ್ಟಿಸಿಲ್ಲರೀ ಇದಕ್ಕ. ಒಂದಕ್ಕೊಂದು ನೀರು ಹಾಕಿದ್ರೂ ನಮ್ಮ ಅಂಗಡಿ ಮಾಲಿಗಿಂತ ಜೋರೇ ಇರತೈತಿ. ಬೆಲ್ಲದ ಸಾರಾಯಿ ಇದು. ಬೆಲ್ಲ ಸುಟ್ಟು ಬಣ್ಣ ಕೊಟ್ಟಾರ" ಎಂದೆ. ಬೆಲ್ಲ ಬಿಟ್ಟು ಬೇರೆ ಸಿಹಿಯನ್ನು ಅರಿಯದ ನಮ್ಮ ಸೀಮೆಯವನು ಮತ್ತೇನು ಹೇಳಿಯಾನು. ಓವರ್‌ಸಿಯರ್ ತಿಳಿಸಿದ. ಮೆಕ್ಯಾನಿಕ್ ಜೋರಿನ ಮಾತಿಗೆ ತಲೆಯಾಡಿಸಿ, ಬೆಲ್ಲದ ಮಾತಿಗೆ ನಕ್ಕ.

ಕಾಕಾ ಒಂದು ಹನಿ ಬಾಯಿಗೆ ಬಿಟ್ಟುಕೊಂಡರು. ಉಗುಳಿದರು. ಬಾಯಿ ಒರೆಸಿಕೊಂಡು, "ನಿನ್ನೆ ಒಬ್ಬ ತಾಯಿ ಕೈಯಾಗ ಉಂಡೀನ್ರೀ. ನಾಲಗಿ ಇನ್ನೂ ಅಲ್ಲೇ ಐತಿ" ಎಂದರು. ಗೆದ್ದೆ ಅಂದುಕೊಂಡೆ. ನಾಚಿಕೆಯೂ ಆಯಿತು, ಆದರೆ ಗೆದ್ದ ಖುಷಿಯೇ ಮೇಲಿತ್ತು.

ಕಾಕಾ ಅಂಗೈಗೆ ನಾಲ್ಕು ಹನಿ ಸುರಿದುಕೊಂಡರು. ಉಜ್ಜಿದರು. ಮೆಕ್ಯಾನಿಕ್ ಬೀಡಿ ಕೇಳಿ ಹಚ್ಚಿಕೊಂಡು ಅರ್ಧ ಸೇದಿ ಮುಗಿಸುವ ತನಕ ಕೈ ಮುಚ್ಚಿಕೊಂಡು ಕೂತರು. ಆಮೇಲೆ ತೆರೆದು ಮೂಸಿದರು. ಅವರ ಮುಖ ಹೊಲದಲ್ಲಿ ನಿಂತವನ ಮುಖದಂತಾಯಿತು.

"ಇದು ಹೂವಿಂದಲ್ಲ, ಬೆಲ್ಲದ್ದೂ ಅಲ್ಲ. ಕಾಳಿಂದು. ಜ್ವಾಳದ ಬಳಗದ್ದು. ಸುಟ್ಟ ಕಟ್ಟಿಗ್ಯಾಗ ಇಟ್ಟಾರ್ರೀ ಇದನ್ನ, ಭಾಳ ವರ್ಷ ಇಟ್ಟಾರ. ಆ ಸಿಹಿ ಕಟ್ಟಿಗೀದು."

ಓವರ್‌ಸಿಯರ್ ಹೇಳುತ್ತ ಹೋದಂತೆ ಮೆಕ್ಯಾನಿಕ್ ಎದ್ದು ನಿಂತ. ಬರ್ಬನ್ ಎಂಬುದು ಅದರ ಹೆಸರಂತೆ. ಅವರ ನಾಡಿನ ಗೋವಿನಜೋಳದ್ದು, ಒಳಮೈ ಸುಟ್ಟ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಲಗಿಸಿದ್ದು. ಆ ಎತ್ತರದ ಮನುಷ್ಯ ಬಗ್ಗಿ ಕಾಕಾನ ಅದೇ ಕೈಯನ್ನು ಹಿಡಿದು ಕುಲುಕಿದ. ನನ್ನ ಹೊಟ್ಟೆಯಲ್ಲಿ ನುಂಗಿದ್ದು ಉರಿಯುತ್ತಿತ್ತೋ, ಕಂಡದ್ದು ಉರಿಯುತ್ತಿತ್ತೋ...

ಅಷ್ಟಕ್ಕೇ ಮುಗಿದಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲ. ಕಾಕಾ ನನ್ನನ್ನು ಹತ್ತಿರ ಕರೆದರು. ನನ್ನ ಅಂಗೈ ಬಿಡಿಸಿ ನಾಲ್ಕು ಹನಿ ಬಿಟ್ಟರು. "ಉಜ್ಜು. ಅವಸರ ಮಾಡಬ್ಯಾಡ. ತಡಿ." ತಡೆದೆ. ಜೀವನದಲ್ಲಿ ಅದೇ ಮೊದಲ ಸಲ ಪೂರ್ತಿ ತಡೆದೆ. ಕೈ ಒಣಗಿತು. ಮೂಸಿದೆ. ಬಂತು. ಸಾರಾಯಿ ಎಲ್ಲ ಹಾರಿ ಹೋಗಿ, ಆ ಬಿರುಬೇಸಿಗೆಯಲ್ಲಿ, ನನ್ನ ಕೈಯಲ್ಲಿ ಸೀತನಿ ಉಜ್ಜಿದ ವಾಸನೆ. ಹೊಗೆ, ಸುಟ್ಟ ಕಾಳು, ಹಿಂದೆ ಸಣ್ಣಗೆ ಸಿಹಿ. ಇಷ್ಟು ಸ್ಪಷ್ಟವಾಗಿ ನನಗೆ ಯಾವುದೂ ಬಂದಿರಲಿಲ್ಲ.

"ಬಂತೇನು?" ಎಂದರು ಕಾಕಾ. ಧ್ವನಿಯಲ್ಲಿ ಆಸೆಯಿತ್ತು.

ಗುತ್ತೇದಾರರು ನನ್ನನ್ನೇ ನೋಡುತ್ತಿದ್ದರು. ಹೌದು ಎಂದರೆ, ಅವರು ತೋರಿಸಿದ ಮೇಲೆ ಕಂಡವನು ಎಂದಾಗುತ್ತದೆ. ಮತ್ತೆ ಅವರ ಹಿಂದೆ. "ಬರಲಿಲ್ಲ" ಎಂದೆ.

"ಇನ್ನೊಮ್ಮೆ ನೋಡು."

"ಏನೂ ಬರವಲ್ದು ಕಾಕಾ. ಬರೇ ಸಾರಾಯಿ."

ಕಾಕಾ ಗುತ್ತೇದಾರರ ಕಡೆ ತಿರುಗಿ ಸಣ್ಣಗೆ ತಲೆ ಅಲ್ಲಾಡಿಸಿದರು. ಇವನಿಂದ ಆಗದು ಎಂದು ನನ್ನನ್ನು ಹಳಿದರು ಅಂದುಕೊಂಡೆ. ಅವರು ಸಿಂಧನೂರಿಗೆ ಹೊರಟ ದಿನ ನಾನು ಬಂಡಿಯ ತನಕವೂ ಹೋಗಲಿಲ್ಲ. ಆಗಾಗ ಬಂದವರು ಅವರನ್ನು ಹೊಗಳಿದರೆ ಎದ್ದು ಒಳಗೆ ಹೋಗುತ್ತಿದ್ದೆ. ನಾಲ್ಕು ವರ್ಷ ಹೀಗೆಯೇ ಕಳೆಯಿತು.

ರಾಜ್ಯ ಬದಲಾಗಿ ನಾವೆಲ್ಲ ಮೈಸೂರಿಗೆ ಸೇರುವ ಹೊತ್ತಿಗೆ ಡಿಪೋಗಳಿಗೆ ಜೋರು ಅಳೆಯುವ ಗಾಜಿನ ಕಡ್ಡಿ ಬಂತು. ಸಾರಾಯಿಯಲ್ಲಿ ತೇಲಿಬಿಟ್ಟರೆ ಅದರ ಮೈಮೇಲಿನ ಗೆರೆಯೇ ಹೇಳುತ್ತಿತ್ತು. ಓದಲು ಬರುವವನೆಂದು ಗುತ್ತೇದಾರರು ಅದನ್ನು ನನ್ನ ಕೈಗೆ ಕೊಟ್ಟರು. ಕಾಕಾ ಕೆಲಸ ಬಿಟ್ಟು ಪಾಮನಕಲ್ಲೂರಿಗೆ ಹೋದರೆಂದು ತಿಳಿಸಿದರು. "ಇನ್ನ ಮ್ಯಾಲೆ ಅವರ ನಾಲಗಿ ಯಾರಿಗೂ ಬೇಕಿಲ್ಲ ಬಿಡ್ರಿ" ಎಂದೆ. ಒಳಗೆ ಹಗುರಾಗಿದ್ದೆ, ಸುಳ್ಳು ಯಾಕೆ ಹೇಳಲಿ.

ಗುತ್ತೇದಾರರು ನನ್ನ ಕಡೆ ತಿರುಗಿದರು.

"ನಾಲಗಿ? ಅವರ ನಾಲಗಿ ಆ ಶೀಶೆ ಬರೂಕಿಂತ ವರ್ಷ ಮೊದಲ ಹೋಗಿತ್ತಲೋ. ಉಪ್ಪು, ಹುಳಿ ಏನೂ ತಿಳೀತಿದ್ದಿಲ್ಲ ಅವರಿಗೆ. ನನ್ನ ಮುಂದ ಒಬ್ಬಾವನ ಮುಂದ ಹೇಳಿದ್ರು. ಹುಡುಗನ ನಾಲಗಿ ಪಕ್ಕಾ ಐತಿ, ಅಂಗೈ ವಾಸನಿ ಒಂದು ಹಿಡದ್ರ ಸಾಕು, ಸಿಂಧನೂರು ಅವನಿಗೆ ಕೊಡ್ರಿ ಅಂದ್ರು. ನಿನ್ನ ನೋಡಾಕ ಅಂತನ ಶೀಶೆ ಇಟ್ಟದ್ದು. ನೀ ಬರಲಿಲ್ಲ ಅಂದಿ. ನಾ ಮತ್ತ್ಯಾರನ್ನ ಕಳಸಲಿ? ಪಾಪ, ಬರೇ ಮೂಗಿನ ಮ್ಯಾಲೆ ನಾಕು ವರ್ಷ ಎಳದ್ರು."

ನನ್ನ ಕೈಯಲ್ಲಿ ಗಾಜಿನ ಕಡ್ಡಿ ಇತ್ತು. ಅದನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ.

ಅವ್ವನ ಪುಂಡಿಪಲ್ಯ ಅವರ ನಾಲಗೆಯನ್ನು ಕೆಡಿಸಿರಲಿಲ್ಲ. ಹುಳಿಯೂ ಉಪ್ಪೂ ತಿಳಿಯದ ಬಾಯಲ್ಲಿ ಮೂರು ರೊಟ್ಟಿ ಉಂಡು, ಅವ್ವನ ಮನಸ್ಸು ತುಂಬುವಂತೆ ಹೊಗಳಿ ಹೋಗಿದ್ದರು. ನನ್ನ ಕಿತಾಪತಿ ಅವರಿಗೆ ಮರುದಿನ ಜನರ ಮುಂದೆ ಹೇಳಲು ಒಂದು ನೆಪವಾಗಿ ಒದಗಿತ್ತು, ಅಷ್ಟೇ. ನಾನು ಯಾರ ಮೇಲೆ ಉರಿದುಕೊಂಡಿದ್ದೆನೋ ಅವರು ತಮ್ಮ ಜಾಗವನ್ನು ನನ್ನ ಅಂಗೈಗೇ ಸುರಿದಿದ್ದರು.

ಹೋಗಿ ಹೇಳಬೇಕು ಅಂದುಕೊಂಡೆ. ಪಾಮನಕಲ್ಲೂರು ಏನು ದೂರ... ಹಬ್ಬ ಮುಗಿಯಲಿ, ಸುಗ್ಗಿ ಮುಗಿಯಲಿ ಎಂದು ಮುಂದೂಡಿದೆ. ನಾಚಿಕೆಯೂ ಕಾಲು ಹಿಡಿಯುತ್ತದೆ. ಕೊನೆಗೆ ಸೀತನಿ ದಿನಗಳಲ್ಲಿ ಹೋಗೋಣ, ಒಟ್ಟಿಗೆ ಕೂತು ತೆನೆ ಉಜ್ಜುವಾಗ ಹೇಳಿಬಿಡೋಣ ಎಂದು ಗಟ್ಟಿ ಮಾಡಿಕೊಂಡೆ. ಹೊಲದಲ್ಲಿ ತೆನೆ ಹಾಲು ಕಟ್ಟುವ ಮೊದಲೇ ಆ ಊರಿನ ಬಂಡಿಯವನೊಬ್ಬ ಡಿಪೋಗೆ ಬಂದು, "ಕಾಕಾ ಹೋದ್ರಲ್ರೀ, ಹದಿನೈದು ದಿನ ಆತು" ಎಂದ. ಅವ ಹೇಳಿದ್ದು ನಾನೇ ಹತ್ತಿರದವನೆಂದು ತಿಳಿದು.

ಮೊಮ್ಮಗಳು ಕಾಳೆಲ್ಲ ತಿಂದು ಮುಗಿಸಿ ಮತ್ತೆ ಕೈ ಒಡ್ಡಿದ್ದಳು. "ಹೇಳಲೇ ಇಲ್ಲ ನೀ. ಏನರ ವಾಸನಿ ಬಂತೇನು?"

ಕೆಂಡದ ಆಚೆ ಹೊಲ, ಹೊಲದ ಆಚೆ ಪಾಮನಕಲ್ಲೂರಿನ ದಾರಿ.

"ಬಂತವ್ವಾ" ಎಂದೆ. "ಬಂತು."