ಸಮ ಬಂದರೆ ಇನ್ನೊಂದು ಆಟ

ಪೀಣ್ಯದ ಮೇಲೆ ಮೆಟ್ರೋ ಇನ್ನೂ ಓಡದಿದ್ದ ಕಾಲ. ಬರೀ ಕಂಬಗಳು ಎದ್ದಿದ್ದವು. ಅವುಗಳ ಧೂಳೆಲ್ಲ ನಾವು ಒಗೆದು ಹಾಕಿದ ಬಟ್ಟೆಯ ಮೇಲೆ. ನಮ್ಮ ವಠಾರದಲ್ಲಿ ಎಂಟು ಮನೆ, ಒಂದು ನಲ್ಲಿ, ಎದುರಿನ ಲೇತ್ ಶೆಡ್ಡಿನಿಂದ ದಿನವಿಡೀ ಸುಟ್ಟ ಎಣ್ಣೆಯ ವಾಸನೆ. ಮಗ, ಸೊಸೆ ಫ್ಯಾಕ್ಟರಿಗೆ ಹೋದರೆ ಮೊಮ್ಮಗಳು ಪವಿತ್ರಾ ನನ್ನ ಪಾಲಿಗೆ. ಆ ಬೇಸಿಗೆಗೆ ಅವಳಿಗೆ ಹನ್ನೊಂದು ವರ್ಷ. ಬಾಲ್ಯ ಎಂದರೆ ಜನ ತಮ್ಮದನ್ನು ಬರೆಯುತ್ತಾರೆ. ನನ್ನದರಲ್ಲಿ ಸಗಣಿ ಬಾಚಿದ್ದು, ನೀರು ಹೊತ್ತದ್ದು, ಕುಂಟೆಬಿಲ್ಲೆ ಆಡಿದ್ದು ಬಿಟ್ಟರೆ ಹೆಚ್ಚೇನಿಲ್ಲ. ಇವತ್ತಿಗೂ ನನ್ನ ಹೊಟ್ಟೆ ಉರಿಸುವುದು ಅವಳ ಬಾಲ್ಯದ ಒಂದು ಬೇಸಿಗೆ.

ಬೀದಿಯ ಸಂಘದವರು ಮಕ್ಕಳಿಗೆ ಕೇರಂ ಪಂದ್ಯ ಇಟ್ಟರು. ಮೊದಲ ಬಹುಮಾನ ಹೊಸ ಕೇರಂ ಬೋರ್ಡು, ಎರಡನೆಯದು ಸ್ಟೀಲ್ ಊಟದ ಡಬ್ಬಿ. ಪವಿಗೆ ಸ್ವಂತ ಬೋರ್ಡಿರಲಿಲ್ಲ. ಸಂಘದ ಶೀಟಿನ ಕೋಣೆಯಲ್ಲಿ ದೊಡ್ಡವರು ಬಿಟ್ಟೆದ್ದ ಮೇಲೆ ಒಬ್ಬಳೇ ಕೂತು ಹೊಡೆಯುತ್ತಿದ್ದಳು. ಮನೆಗೆ ಬಂದರೆ ಮೊಣಕೈವರೆಗೂ ಬಿಳಿ ಪೌಡರು.

"ಬೋರ್ಡ್ ಬಂದ್ರೆ ಎಲ್ಲಿಡೋದು ಅಜ್ಜಿ?"

"ಮೊದ್ಲು ಗೆಲ್ಲು. ಆಮೇಲೆ ನನ್ನ ತಲೆ ಮೇಲಿಡು."

ಗೋಡೆಗೆ ಮೊಳೆ ಹೊಡೆದು ಜಾಗ ಮಾಡಿಟ್ಟಿದ್ದಳು ಆಗಲೇ.

ಹನ್ನೆರಡು ಮಕ್ಕಳು. ಚೀಟಿ ಎತ್ತಿ ಒಬ್ಬೊಬ್ಬರಿಗೆ ನಾಲ್ಕು ಆಟ. ಹೆಚ್ಚು ಆಟ ಗೆದ್ದವರಿಗೆ ಬೋರ್ಡು. ಹೇಳಿದ ಹೊತ್ತಿಗೆ ಎದುರಾಳಿ ಬರದಿದ್ದರೆ ಆಡದೆಯೇ ಗೆದ್ದಂತೆ. ಇದನ್ನೆಲ್ಲ ಸಂಘದ ಲೋಕೇಶ ಪುಸ್ತಕದಲ್ಲಿ ಬರೆದಿಟ್ಟಿದ್ದ. ಲೇತ್ ಶೆಡ್ಡಿನ ಸೂಪರ್‌ವೈಸರು. ಕೊರಳಲ್ಲಿ ಒಂದು ಸೀಟಿ ನೇತುಹಾಕಿಕೊಂಡೇ ಓಡಾಡುತ್ತಿದ್ದ.

ಪವಿ ಮೊದಲ ಎರಡು ಆಟ ಗೆದ್ದಳು. ಮೂರನೆಯದು ಭಾಗ್ಯಳ ಜೊತೆ. ಭಾಗ್ಯ ವಠಾರದ ಕೊನೆಯ ರೂಮಿನ ಹುಡುಗಿ, ಪವಿಯ ಓರಗೆಯವಳು. ರಾಯಚೂರ ಕಡೆಯವರು, ಅಪ್ಪ ಅಮ್ಮ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಆಟದ ಮಧ್ಯಾಹ್ನ, ಪವಿ ಆಗಲೇ ಸಂಘದ ಕೋಣೆಗೆ ಹೋಗಿಯಾಗಿತ್ತು, ಭಾಗ್ಯ ತಮ್ಮನನ್ನು ಸೊಂಟದ ಮೇಲಿಟ್ಟುಕೊಂಡು ನಮ್ಮ ಬಾಗಿಲಿಗೆ ಬಂದಳು.

"ಆಯಿ, ಇವನ್ನ ಒಂದೀಟು ಹಿಡ್ಕೋರಿ. ಒಂದ್ ಆಟ ಆಡಿ ಬರ್ತೀನ್ರಿ."

ನಾನು ಮಾವಿನಕಾಯಿ ಹೋಳುಗಳಿಗೆ ಉಪ್ಪು ಖಾರ ಕಲೆಸುತ್ತಿದ್ದೆ. ಇವಳು ಹೋಗದಿದ್ದರೆ ಪವಿಗೆ ಆಡದೆಯೇ ಒಂದು ಗೆಲುವು ಎಂದು ತಲೆ ಓಡಿತು.

"ನಂಗೆ ಸೊಂಟ ನೋವು ಕಣವ್ವ. ಬೇರೆ ಯಾರ್ನಾದ್ರೂ ಕೇಳು."

ಬೇರೆ ಯಾರೂ ಇರಲಿಲ್ಲ. ಅದು ನನಗೂ ಗೊತ್ತಿತ್ತು. ಹುಡುಗಿ ತಮ್ಮನನ್ನು ಎತ್ತಿಕೊಂಡೇ ವಾಪಸ್ಸು ಹೋದಳು. ಮಾವಿನ ಹೋಳನ್ನಾದರೂ ಕೊಡಬಹುದಿತ್ತು. ಕೊಡಲಿಲ್ಲ.

ಭಾನುವಾರ ಎಲ್ಲ ಆಟ ಮುಗಿದಾಗ, ಭಾಗ್ಯ ಬಾರದ ಆಟವೂ ಸೇರಿ, ಪವಿ ನಾಲ್ಕಕ್ಕೆ ನಾಲ್ಕೂ ಗೆದ್ದಿದ್ದಳು. ಮುಂದಿನ ಬೀದಿಯ ದಿವ್ಯಾ ಕೂಡ ನಾಲ್ಕಕ್ಕೆ ನಾಲ್ಕು. ಇಬ್ಬರೂ ಒಬ್ಬರಿಗೊಬ್ಬರು ಎದುರು ಕೂತೇ ಇರಲಿಲ್ಲ. ಇನ್ನೊಂದು ಆಟ ಆಡಿಸುತ್ತಾರೆ ಎಂದು ನಾನು ಕೂತಿದ್ದರೆ ಲೋಕೇಶ ಪುಸ್ತಕ ತೆಗೆದು ಒಂದೊಂದು ಆಟದಲ್ಲೂ ಬಂದ ಪಾಯಿಂಟ್ ಕೂಡತೊಡಗಿದ.

"ದಿವ್ಯಾ ಇಪ್ಪತ್ತಾರು, ಪವಿತ್ರಾ ಇಪ್ಪತ್ತಮೂರು. ಫಸ್ಟ್ ದಿವ್ಯಾ!"

ನಾನು ಓದಿದ್ದು ನಾಲ್ಕನೆಯ ಕ್ಲಾಸು. ಆದರೂ ಅಷ್ಟು ಲೆಕ್ಕ ಬರುತ್ತದೆ. ಎದ್ದು ನಿಂತೆ.

"ಏನಪ್ಪಾ ಲೋಕೇಶ, ಆ ಮಗು ನಾಕಾಟದಲ್ಲಿ ಇಪ್ಪತ್ತಾರು ಮಾಡೈತೆ. ನಮ್ಮುಡುಗಿ ಮೂರೇ ಆಟದಲ್ಲಿ ಇಪ್ಪತ್ತಮೂರು. ಆಡದೆ ಇರೋ ಆಟಕ್ಕೆ ಸೊನ್ನೆ ಆಕಿ ಕೂಡ್ತೀಯಲ್ಲ, ಯಾವ ಸೀಮೆ ನ್ಯಾಯ ಇದು?"

"ಆಡ್ದಿದ್ರೆ ಪಾಯಿಂಟ್ ಎಲ್ಲಿಂದ ತರ್ಲಿ ಅಜ್ಜಿ? ರೂಲ್ಸ್ ಅಂದ್ರೆ ರೂಲ್ಸು."

"ರೂಲ್ಸು ನೀನೇ ಬರ್ದಿದ್ದು. ನಾವು ಕುಂಟೆಬಿಲ್ಲೆ ಆಡೋವಾಗ ಇಬ್ರೂ ಸಮ ಬಂದ್ರೆ ನನ್ನ ಬಿಲ್ಲೆ ಅವ್ಳಿಗೆ, ಅವ್ಳ ಬಿಲ್ಲೆ ನಂಗೆ. ಬದ್ಲಾಯಿಸ್ಕೊಂಡು ಇನ್ನೊಂದಾಟ. ಗೆದ್ದಿದ್ದು ಕಾಲೋ ಕಲ್ಲೋ ಗೊತ್ತಾಗೋದು. ಇವ್ರ ಸ್ಟ್ರೈಕರ್ ಬದ್ಲಾಯಿಸಿ ಆಡ್ಸು. ಅರ್ಧ ಗಂಟೆ ಕೆಲ್ಸ."

ದಿವ್ಯಾ ತನ್ನ ಹೊಸ ದಪ್ಪ ಸ್ಟ್ರೈಕರನ್ನು ಆಗಲೇ ಮುಂದೆ ಚಾಚಿದ್ದಳು. "ನಾನ್ ಆಡ್ತೀನಿ ಅಂಕಲ್," ಎಂದಳು. ಪವಿ ಸಂಘದ ಅಂಚೊಡೆದ ಸ್ಟ್ರೈಕರನ್ನು ಅವಳ ಕೈಗಿಟ್ಟಳು. ಮಕ್ಕಳಿಗೆ ಅಷ್ಟು ಸಲೀಸು.

"ಬಹುಮಾನ ಕೊಡೋಕೆ ಗೆಸ್ಟ್ ಬಂದು ಕೂತಿದಾರೆ, ಬೋಂಡ ತಣ್ಣಗಾಗ್ತಿದೆ," ಎಂದ ಲೋಕೇಶ. ನಾನೂ ಬಿಡಲಿಲ್ಲ. ಅತಿಥಿಗಳಿಗೆ ಬೋಂಡ ತಿನ್ನುವುದಕ್ಕೆ ಬಾಯಿ ಸಾಕು, ಬೋರ್ಡು ಬೇಕಾಗಿಲ್ಲ ಎಂದೆ. ಹಿಂದೆ ಕೂತಿದ್ದವರೆಲ್ಲ ನಕ್ಕರು. "ಆಡ್ಸು ಗುರು, ಆಡ್ಸು" ಎಂದು ಗಂಡಸರೂ ಕೂಗಿದರು. ಲೋಕೇಶ ಪುಸ್ತಕವನ್ನು ಟಪ್ಪೆಂದು ಮುಚ್ಚಿದ.

"ನನ್ಮೇಲ್ಯಾಕೆ ರೇಗ್ತೀರಾ? ಬರ್ದೇ ಇದ್ದಿದ್ದು ಆ ಹುಡುಗಿ. ಯಾಕ್ ಬರ್ಲಿಲ್ಲ ಅಂತ ಅವಳನ್ನೇ ಕೇಳ್ರಿ!"

ಎಲ್ಲರೂ ಬಾಗಿಲ ಕಡೆ ತಿರುಗಿದರು. ಭಾಗ್ಯ ಅಲ್ಲಿ ನಿಂತಿದ್ದಳು, ಸೊಂಟದ ಮೇಲೆ ಅದೇ ತಮ್ಮ. ಅವಳು ಲೋಕೇಶನನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

"ತಮ್ಮ ಅಳಾಕತ್ತಿದ್ದರಿ," ಎಂದಳು. "ಅದಕ್ಕ ಬರಲಿಲ್ರಿ."

ಅಷ್ಟೇ. ನನ್ನ ಹೆಸರು ಎತ್ತಲಿಲ್ಲ.

ಇನ್ನೊಂದು ಮಾತು ಜೋರಾಗಿ ಆಡಿದ್ದರೆ ಲೋಕೇಶ ಬಗ್ಗುತ್ತಿದ್ದ, ಜನ ನನ್ನ ಕಡೆಗಿದ್ದರು. ಪವಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಕೂತುಬಿಟ್ಟೆ. ಲೋಕೇಶ ಸೀಟಿ ಊದಿದ. ಬೋರ್ಡು ದಿವ್ಯಾಳಿಗೆ ಹೋಯಿತು, ಇವಳಿಗೆ ಡಬ್ಬಿ.

ರಾತ್ರಿ ಊಟಕ್ಕೆ ಕೂತಾಗ ಪವಿ ಕೇಳಿದಳು, "ಭಾಗ್ಯ ಬಂದಿದ್ರೆ ನಾಲ್ಕು ಪಾಯಿಂಟ್ ಆದ್ರೂ ಬರ್ತಿತ್ತು, ಅಲ್ವಾ ಅಜ್ಜಿ?"

"ಸುಮ್ನೆ ಉಣ್ಣು," ಎಂದೆ.

ಅಪ್ಪ ಅಮ್ಮ ಕೆಲಸ ಮಾಡುತ್ತಿದ್ದ ಕಟ್ಟಡ ಮುಗಿಯುತ್ತಲೇ ಭಾಗ್ಯಳ ಮನೆಯವರು ರೂಮು ಖಾಲಿ ಮಾಡಿಕೊಂಡು ಹೋದರು. ಎಲ್ಲಿಗೆಂದು ನಾನು ಕೇಳಿಟ್ಟುಕೊಳ್ಳಲಿಲ್ಲ. ಪವಿ ಸಂಘದ ಕೋಣೆಗೆ ಮತ್ತೆ ಕಾಲಿಡಲಿಲ್ಲ. ಈಗ ಮೆಟ್ರೋ ಓಡುತ್ತದೆ, ವಠಾರವನ್ನು ಕೆಡವಿ ನಾಲ್ಕು ಮಹಡಿ ಎಬ್ಬಿಸಿದ್ದಾರೆ, ಆ ಮೊಳೆ ಹೊಡೆದ ಗೋಡೆಯೂ ಇಲ್ಲ. ಡಬ್ಬಿ ಮಾತ್ರ ಇದೆ, ಹುರಿಗಡಲೆ ಹಾಕಿಟ್ಟಿದ್ದೇನೆ.

ಲೋಕೇಶನ ಮೇಲಿನ ಸಿಟ್ಟು ನನಗೆ ಇಳಿದಿಲ್ಲ, ಇಳಿಯುವುದೂ ಬೇಡ. ಅವನ ಲೆಕ್ಕ ತಪ್ಪು. ಸಮ ಬಂದ ಮಕ್ಕಳನ್ನು ಎದುರೆದುರು ಕೂರಿಸಬೇಕು, ಪುಸ್ತಕ ನೋಡಬಾರದು. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ಹೇಳಬೇಕಾಗಿದ್ದ ದಿನ ಹೇಳುವ ಬಾಯಿ ನನಗಿರಲಿಲ್ಲ. ಆ ಕೂಸನ್ನು ಅರ್ಧ ಗಂಟೆ ಎತ್ತಿಕೊಂಡಿದ್ದರೆ ನನ್ನ ಸೊಂಟವೇನೂ ಮುರಿಯುತ್ತಿರಲಿಲ್ಲ. ಆವತ್ತು ನನಗೆ ಸೊಂಟ ನೋವೇ ಇರಲಿಲ್ಲ.