ತೊಳೆಯಬಾರದಿದ್ದ ಟವೆಲ್

ನನ್ನ ಅಕ್ಕ ಜನರನ್ನು ಅಳೆಯುವುದು ಅವರ ಕಾಲರ್ ನೋಡಿ. ಅಪ್ಪ ತೀರಿಕೊಂಡಾಗ ಅವಳಿಗೆ ಹತ್ತೊಂಬತ್ತು, ನನಗೆ ಹನ್ನೊಂದು. ಅಂದಿನಿಂದ ಮೂವತ್ತೆರಡು ವರ್ಷ ಅಪ್ಪನ ಲಾಂಡ್ರಿ ಅಂಗಡಿಯ ಕೌಂಟರಿನ ಹಿಂದೆ ನಿಂತು ಊರವರ ಕೊಳೆಯನ್ನೆಲ್ಲ ಓದಿಬಿಟ್ಟಿದ್ದಾಳೆ. "ಈ ಕುತ್ತಿಗೆ ನೋಡು, ದಿನಾ ಬಸ್ಸಿನ ಹಿಂದೆ ಓಡೋ ಕುತ್ತಿಗೆ" ಎನ್ನುತ್ತಾಳೆ. "ಇವರು ಊಟಕ್ಕೆ ಕೂತಾಗ ಪೇಪರ್ ಓದ್ತಾರೆ, ಎಡಗಡೆ ತೋಳು ನೋಡು." ಹತ್ತರಲ್ಲಿ ಎಂಟು ಸಲ ಅವಳ ಮಾತು ನಿಜವಾಗುತ್ತದೆ. ಉಳಿದ ಎರಡನ್ನು ಅವಳು ಒಪ್ಪಿಕೊಳ್ಳುವುದಿಲ್ಲ.

ಅವಳು ಮದುವೆಯಾಗಲಿಲ್ಲ. ನನ್ನನ್ನು ಓದಿಸಿದಳು, ನನ್ನ ಮದುವೆ ಮಾಡಿದಳು. ಆ ಮದುವೆ ಮುರಿದು ನಾನು ಎರಡು ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತಾಗ ಏನು, ಎತ್ತ ಎಂದು ಕೇಳಲಿಲ್ಲ. ಬೀರುವಿನಲ್ಲಿ ತನ್ನ ಬಟ್ಟೆಗಳನ್ನು ಒಂದು ಪಕ್ಕಕ್ಕೆ ಒತ್ತರಿಸಿ ಅರ್ಧ ಜಾಗ ಮಾಡಿಕೊಟ್ಟಳು. ಮುಂದೆ ನಾನು ಮಾಡಿದ್ದನ್ನು ಕೇಳುವವರು ಆ ಅರ್ಧ ಬೀರುವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ನಾನು ಅದನ್ನೇ ಮರೆತೆ.

ಅಂಗಡಿಯಲ್ಲಿ ಅವಳದೊಂದು ಕಟ್ಟಪ್ಪಣೆ ಇತ್ತು. ಕೊಳೆ ಬಟ್ಟೆ ಒಳಗೆ ಎಷ್ಟು ಬೇಕಾದರೂ ಬರಲಿ, ಹೊರಗೆ ಮಾತ್ರ ಹೋಗಕೂಡದು. ಗಿರಾಕಿ ಮನಸ್ಸು ಬದಲಾಯಿಸಿ "ಬೇಡಮ್ಮ, ಹಂಗೇ ವಾಪಸ್ ಕೊಡಿ" ಅಂದರೂ ಕೊಡುತ್ತಿರಲಿಲ್ಲ. "ನಾಳೆ ಬನ್ನಿ" ಎಂದು ಕಳಿಸಿ ತೊಳೆದೇ ಕೊಡುತ್ತಿದ್ದಳು.

ನಮ್ಮ ರಸ್ತೆಯ ಕೊನೆಯಲ್ಲಿ, ಹಳೆಯ ಟೈರ್ ಗೋದಾಮಿನ ಪಕ್ಕ, ದಿಕ್ಕಿಲ್ಲದ ಬೆಕ್ಕು ನಾಯಿಗಳಿಗೊಂದು ಆಶ್ರಯವಿದೆ. ಪ್ರತಿ ಗುರುವಾರ ಅಕ್ಕ ಅಲ್ಲಿಗೆ ಹೋಗಿ ಪ್ರಾಣಿಗಳು ಮಲಗುವ ಬಟ್ಟೆಗಳ ಗಂಟು ತಂದು ಪುಕ್ಕಟೆಯಾಗಿ ಒಗೆದುಕೊಡುತ್ತಿದ್ದಳು. ಅಲ್ಲೇ ಅವಳ ಕಣ್ಣಿಗೆ ಬಿದ್ದದ್ದು ಆ ಬೂದು ಬೆಕ್ಕು. ಗದ್ದದ ಕೆಳಗಷ್ಟೇ ಬಿಳಿ. ಆರು ವರ್ಷ ವಯಸ್ಸು. ಸಾಕಿದ ಅಜ್ಜಿ ಸತ್ತ ಮೇಲೆ ಯಾರೋ ತಂದುಬಿಟ್ಟಿದ್ದರು. ಬಂದವರೆಲ್ಲ ಮರಿಗಳನ್ನು ಎತ್ತಿಕೊಂಡು ಹೋಗುತ್ತಿದ್ದರು. ಇದು ಗೂಡಿನ ಮೂಲೆಯ ರಟ್ಟಿನ ಪೆಟ್ಟಿಗೆಯೊಳಗೆ, ಒಂದು ಹಸಿರು ಟವೆಲ್ಲಿನ ಮೇಲೆ, ಗೋಡೆಗೆ ಮುಖ ಮಾಡಿ ಕೂತಿರುತ್ತಿತ್ತು. ಬೆನ್ನು ನೋಡಿ ಯಾರು ತಾನೇ ಬೆಕ್ಕು ಆರಿಸುತ್ತಾರೆ?

ಅಕ್ಕ ಗೂಡಿನ ಮುಂದೆ ಸ್ಟೂಲ್ ಹಾಕಿಕೊಂಡು, ತಾನೂ ಅದಕ್ಕೆ ಬೆನ್ನು ತಿರುಗಿಸಿ, ಗಿರಾಕಿಗಳ ಅಂಗಿಗಳಿಗೆ ಗುಂಡಿ ಹೊಲಿಯುತ್ತಾ ಕೂರುವುದಕ್ಕೆ ಶುರುಮಾಡಿದಳು. ಒಂದು ಕೈ ಹಿಂದೆ ಚಾಚಿ ಗೂಡಿನೊಳಗೆ ಇಟ್ಟಿರುತ್ತಿದ್ದಳು. ಮೂರನೇ ತಿಂಗಳಲ್ಲಿ ಅದು ಕೈ ಮೂಸಿತು. ಏಳನೇ ತಿಂಗಳಲ್ಲಿ ಒಂದು ಗುರುವಾರ ತನ್ನ ಬಿಳಿ ಗದ್ದವನ್ನು ತಂದು ಅವಳ ಅಂಗೈಯಲ್ಲಿ ಇಟ್ಟಿತು. ಅವತ್ತು ಅಕ್ಕ ಗಂಟು ತರುವುದನ್ನೇ ಮರೆತು ಬರಿಗೈಯಲ್ಲಿ ಮನೆಗೆ ಬಂದಳು.

"ಸೊಸೆ ಇವತ್ತು ಮಾತಾಡಿಸಿದ್ಲು ಕಣೆ" ಎಂದಳು. ಬಾಗಿಲ ಸಂದಿಯಿಂದ ಇಣುಕುವ ಹೊಸ ಸೊಸೆಯಂತೆ ಪೆಟ್ಟಿಗೆಯಿಂದ ಇಣುಕುತ್ತದೆಂದು ಅವಳಿಟ್ಟ ಹೆಸರು ಅದು. "ಅವಳನ್ನ ಮನೆಗೇ ತಂದುಬಿಡೋಣ್ವಾ?"

ನಾನು ಆಗ ಒಂದು ರಾಶಿ ಬಿಳಿ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದೆ. ಸೆಖೆ, ಬೆನ್ನು ನೋವು, ಮೇಲಾಗಿ ನನ್ನ ಹಾಳು ಮೂಗಿನ ತುದಿಯ ಸಿಟ್ಟು. "ಲಾಂಡ್ರಿಗೆ ಬೆಕ್ಕಾ? ಒಂದು ಕೂದಲಿಗೆ ಒಂದು ಗಿರಾಕಿ ಹೋಗ್ತಾನೆ, ಗೊತ್ತಾ?" ಎಂದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. "ಮಗನಿಲ್ಲದೋಳಿಗೆ ಸೊಸೆ ಬೇರೆ ಕೇಡು!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕ್ಕ ಒಣಗಿದ ಬಟ್ಟೆ ತರಲು ಮಹಡಿ ಹತ್ತಿ ಹೋದಳು. ಇಳಿದು ಬಂದಾಗ "ಬೇರೆ ಯಾರಾದ್ರೂ ಒಳ್ಳೆಯವರು ಸಿಗ್ತಾರೆ ಬಿಡು" ಎಂದಳು. ಮನೆ ಅವಳದು, ಅಂಗಡಿ ಅವಳದು. ತಂದೇ ತರುತ್ತೇನೆ ಎಂದಿದ್ದರೆ ನಾನು ಎರಡು ದಿನ ಮುಖ ಊದಿಸಿಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಅವಳು ನಾನು ಹುಟ್ಟಿದಾಗಿನಿಂದ ನನ್ನ ಮಾತುಗಳನ್ನು ಹೊಟ್ಟೆಗೆ ಹಾಕಿಕೊಂಡೇ ಬಂದವಳು.

ಸಿಕ್ಕಿದವರು ಔಷಧಿ ಅಂಗಡಿಯ ಗಂಡ ಹೆಂಡತಿ. ಒಳ್ಳೆಯವರೇ, ಅದರಲ್ಲಿ ಎರಡು ಮಾತಿಲ್ಲ. ಅಕ್ಕ ಅವರ ಕಾಲರ್ ನೋಡಿ ಆಗಬಹುದು ಎಂದಿದ್ದಳು. ಅವರು ಕರೆದೊಯ್ಯುವ ಹಿಂದಿನ ದಿನ ಆಶ್ರಯ ನಡೆಸುವ ಮೇಡಂ ಫೋನ್ ಮಾಡಿ, "ಅದರ ಟವೆಲ್ಲೂ ಜೊತೇಲಿ ಹೋಗ್ಲಿ. ಹೊಸ ಜಾಗದಲ್ಲಿ ಅದಕ್ಕೆ ತನ್ನದು ಅಂತ ಒಂದಾದ್ರೂ ಇರಬೇಕಲ್ವಾ?" ಎಂದರು.

ಹಸಿರು ಟವೆಲ್ ಆ ಗುರುವಾರದ ಗಂಟಿನಲ್ಲಿ ನಮ್ಮಲ್ಲಿಗೇ ಬಂದಿತ್ತು. ಅಕ್ಕ ಅದನ್ನು ಬಿಸಿನೀರಿನಲ್ಲಿ ನೆನೆಸಿ, ಎರಡು ಸಲ ಸೋಪು ಹಾಕಿ, ಮೂರು ಸಲ ಜಾಲಿಸಿದಳು. ಮಗಳನ್ನು ಕಳಿಸುವ ಮನೆಗೆ ಕೊಳೆ ಬಟ್ಟೆ ಕಳಿಸಲು ಯಾರ ಕೈ ಬರುತ್ತದೆ? ಇಸ್ತ್ರಿ ಹಾಕಿದವಳು ನಾನು. ಆಡಿದ ಮಾತಿಗೆ ಪ್ರಾಯಶ್ಚಿತ್ತ ಎಂಬಂತೆ ಅಂಚುಗಳನ್ನು ಒತ್ತಿ ಒತ್ತಿ ನಾಲ್ಕು ಮಡಿಕೆ ಮಾಡಿಕೊಟ್ಟೆ. ಬೆಕ್ಕಿಗೆ ಅದರಲ್ಲಿ ಬೇಕಾಗಿದ್ದದ್ದು ತನ್ನ ಮೈವಾಸನೆ ಒಂದೇ. ಮೂವತ್ತೆರಡು ವರ್ಷದ ಅನುಭವ ಸೇರಿಸಿ ಅಕ್ಕ ತಂಗಿ ಇಬ್ಬರೂ ಅದರ ಲವಲೇಶವೂ ಉಳಿಯದ ಹಾಗೆ ನೋಡಿಕೊಂಡೆವು.

ಔಷಧಿ ಅಂಗಡಿಯವರ ಮನೆಯಲ್ಲಿ ಸೊಸೆ ಬೀರುವಿನ ಹಿಂದೆ ಸೇರಿದವಳು ಹದಿನೆಂಟು ದಿನ ಹಗಲು ಹೊತ್ತು ಹೊರಗೆ ಬರಲಿಲ್ಲ. ರಾತ್ರಿ ಬಂದರೂ ಹಾಸಿಟ್ಟ ಟವೆಲ್ಲನ್ನು ಸುತ್ತು ಬಳಸಿ ದಾಟಿಹೋಗುತ್ತಿತ್ತಂತೆ. ಊಟ ಬಿಟ್ಟಿತು, ಹಾಸಿಗೆಯ ಮೇಲೆಲ್ಲ ಉಚ್ಚೆ ಹೊಯ್ಯಿತು. "ನಮ್ಮ ಮೇಲೆ ಬೇಜಾರು ಮಾಡ್ಕೋಬೇಡಿ, ಅದು ಸೊರಗಿ ಹೋಗ್ತಿದೆ. ನೋಡೋಕಾಗಲ್ಲ" ಎಂದು ಅವರು ಆಶ್ರಯಕ್ಕೇ ತಂದು ಬಿಟ್ಟರು. ಸಂಕಟಪಟ್ಟೇ ಬಿಟ್ಟರು.

ಮೇಡಂ ಟವೆಲ್ ಕೈಗೆತ್ತಿಕೊಂಡು ಮೂಸಿ ಅಕ್ಕನ ಮುಖ ನೋಡಿದರು. "ತೊಳೆದುಬಿಟ್ರಾ?" ಎಂದಷ್ಟೇ ಕೇಳಿದರು. ಅಕ್ಕ ಸ್ಟೂಲಿನ ಮೇಲೆ ಕೂತು ಕೈ ಚಾಚಿದಳು. ಬೆಕ್ಕು ಆ ಕೈ ನೋಡಿ ಪೆಟ್ಟಿಗೆಯ ಕೊನೆಯ ಮೂಲೆಗೆ ಸರಿಯಿತು. ಏಳು ತಿಂಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ನಾನು ಅವತ್ತು ಜೊತೆಗೆ ಹೋಗಿದ್ದೆ. ಅಕ್ಕನ ಬೆನ್ನನ್ನೂ ಬೆಕ್ಕಿನ ಬೆನ್ನನ್ನೂ ನೋಡುತ್ತಾ ನಿಂತಿದ್ದೆ.

ದಾರಿಯಲ್ಲಿ ತಡೆಯಲಾಗದೆ ಹೇಳಿದೆ: "ಅಕ್ಕ, ನಮ್ಮನೆಗೇ ತಂದುಬಿಡೋಣ. ಅವತ್ತು ನಾನು ಹಾಗಂದಿದ್ದು ತಪ್ಪು."

ಅಕ್ಕ ನಡೆಯುತ್ತಲೇ ಇದ್ದಳು. "ಬೇಡ ಕಣೆ. ನಿನಗೆ ಸಿಟ್ಟು ಬಂದಾಗ ಬೇಡ, ಇಳಿದಾಗ ಬೇಕು. ನಾನಾದ್ರೆ ತಡ್ಕೋತೀನಿ, ಅಭ್ಯಾಸ ಆಗಿದೆ. ಅದು ತಡ್ಕೊಳಲ್ಲ."

ಬೈದಿರಲಿಲ್ಲ, ಅಳತೆ ಹೇಳುವಂತೆ ಹೇಳಿದ್ದಳು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ? ಆ ಗಾದೆಯನ್ನು ನಾನು ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದೆ.

ಅಕ್ಕ ಮತ್ತೆ ಮೊದಲಿನಿಂದ ಸ್ಟೂಲ್ ಹಾಕಿಕೊಂಡು ಕೂತಳು. ಈ ಸಲ ಟವೆಲ್ಲನ್ನು ತೊಳೆಯಲಿಲ್ಲ. ನಾಲ್ಕು ತಿಂಗಳು ಅದು ಪೆಟ್ಟಿಗೆಯಲ್ಲೇ ಕೂದಲು ಕಟ್ಟಿಕೊಂಡು, ಗಬ್ಬು ಹಿಡಿದುಕೊಂಡು ಇತ್ತು. ಗುರುವಾರದ ಗಂಟು ಕಟ್ಟುವಾಗ ಅವಳ ಕೈ ಆ ಟವೆಲ್ ಕಡೆ ಹೋಗಿ ಹೋಗಿ ವಾಪಸ್ ಬರುತ್ತಿತ್ತು ಎಂದು ಮೇಡಂ ನಕ್ಕು ಹೇಳಿದರು.

ಆ ದಿನಗಳಲ್ಲೇ ಪುಸ್ತಕಗಳಿಗೆ ಬೈಂಡಿಂಗ್ ಮಾಡುವ ಒಬ್ಬರು ಅಂಗಡಿಗೆ ಅಂಗಿ ಕೊಡಲು ಬಂದರು. ತೋಳಿನ ತುದಿಯೆಲ್ಲ ಅಂಟು, ಕಾಲರ್ ಮಾತ್ರ ಸ್ವಚ್ಛ. ಅಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಕೆಲಸ ಮಾಡೋ ಕೈ, ಅವಸರ ಇಲ್ಲದ ಕುತ್ತಿಗೆ" ಎಂದು ನನ್ನ ಕಿವಿಯಲ್ಲಿ ಹೇಳಿ, ಅವರನ್ನು ಒಂದೇ ಏಟಿಗೆ ಕೇಳಿದಳು: "ನಿಮ್ಮನೇಲಿ ಇಲಿ ಇದೆಯಾ?"

ಅವರು ಗಾಬರಿಯಾದರು. "ಕಾಗದ, ಅಂಟು ಇರೋ ಮನೆ. ಇಲಿ ಇಲ್ದೆ ಇರುತ್ತಾ? ಯಾಕಮ್ಮ, ಅಂಗೀಲಿ ಏನಾದ್ರೂ ಸಿಕ್ತಾ?"

ಅಕ್ಕ ಸೊಸೆಯ ವಿಷಯ ಹೇಳಿದ ಮೇಲೆ ಅವರು ನಾಲ್ಕು ಭಾನುವಾರ ಆಶ್ರಯಕ್ಕೆ ಹೋದರು. ಗೂಡಿನ ಪಕ್ಕ ನೆಲದ ಮೇಲೆ ಕೂತು, ಬೆಕ್ಕನ್ನು ಕಣ್ಣೆತ್ತಿಯೂ ನೋಡದೆ, ಪುಸ್ತಕದ ಹಾಳೆ ಹೊಲಿದರು. ಐದನೆಯ ಭಾನುವಾರ ಮನೆಗೆ ಕರೆದುಕೊಂಡು ಹೋದರು. ಅಕ್ಕ ಟವೆಲ್ಲನ್ನು ಇದ್ದ ಹಾಗೆಯೇ ಸುತ್ತಿ ಅವರ ಕೈಗಿಟ್ಟಳು. ಅವಳ ಜನ್ಮದಲ್ಲಿ ಅವಳ ಕೈಯಿಂದ ಹೊರಟ ಮೊದಲ ಕೊಳೆ ಬಟ್ಟೆ ಅದು. ಬೆಕ್ಕು ಮೂರು ದಿನ ಟವೆಲ್ ಬಿಟ್ಟೇಳಲಿಲ್ಲವಂತೆ, ನಾಲ್ಕನೆಯ ದಿನ ಮೇಜಿನ ಕೆಳಗೆ ಬಂದು ಅವರ ಕಾಲಿನ ಮೇಲೆ ಗದ್ದವಿಟ್ಟಿತಂತೆ. ಸುದ್ದಿ ತಂದವರು ಮೇಡಂ. ಅಕ್ಕ "ಸದ್ಯ" ಎಂದಳು, ಒಳಗೆ ಹೋದಳು.

ಅವಳು ಒಮ್ಮೆಯೂ ನೋಡಲು ಹೋಗಲಿಲ್ಲ. ಹತ್ತು ನಿಮಿಷದ ದಾರಿ. ಕೇಳಿದರೆ, "ನನ್ನ ಕೈಯ ಸೋಪಿನ ವಾಸನೆ ಅದಕ್ಕೆ ಯಾಕೆ ಮತ್ತೆ?" ಎನ್ನುತ್ತಾಳೆ.

ಈಗ ಪ್ರತಿ ಮಂಗಳವಾರ ಬೈಂಡಿಂಗಿನವರ ಅಂಗಿಗಳು ಬರುತ್ತವೆ, ಮೈತುಂಬ ಬೂದು ಕೂದಲು. ಅಕ್ಕ ಅವನ್ನು ಬೇರೆ ಬುಟ್ಟಿಗೆ ಹಾಕುತ್ತಾಳೆ. ಉಳಿದವರ ಬಟ್ಟೆ ಅಂದೇ ನೀರಿಗೆ ಬಿದ್ದರೂ ಆ ಬುಟ್ಟಿ ಮಾತ್ರ ಎರಡು ದಿನ ಹಾಗೇ ಇರುತ್ತದೆ. ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಅವಳು ಅದರ ಪಕ್ಕ ಕೂತು ಗುಂಡಿ ಹೊಲಿಯುತ್ತಾಳೆ, ಒಂದು ಕೈ ಬುಟ್ಟಿಯೊಳಗೆ ಇರುತ್ತದೆ. ನಾನು ಕಂಡೂ ಕಾಣದವಳಂತೆ ಇಸ್ತ್ರಿ ಹಾಕುತ್ತೇನೆ.

ಹೋದ ವಾರ ಅಕ್ಕ ಮಹಡಿಯಲ್ಲಿದ್ದಾಗ ಅವರು ಬಂದರು. ಅಂಗಿಗಳನ್ನು ಕೌಂಟರಿನ ಮೇಲಿಟ್ಟು ಮುಜುಗರದಿಂದ ಕೊಡವಿದರು. "ಕ್ಷಮಿಸಿ ತಾಯಿ, ತುಂಬಾ ಕೂದಲು. ಬೇರೆ ಗಿರಾಕಿಗಳಿಗೆ ತೊಂದರೆ ಆಗುತ್ತೇನೋ. ಇನ್ಮೇಲೆ ನಾನೇ ಬ್ರಷ್ ಮಾಡಿ ತರ್ತೀನಿ."

"ಬೇಡ, ಹಂಗೇ ತನ್ನಿ" ಎಂದೆ. "ಕೂದಲು ತಾನೇ? ಇರ್ಲಿ ಬಿಡಿ."

ಹೇಳುವುದಕ್ಕೆ ಎಷ್ಟು ಸುಲಭವಾದ ಮಾತು.